ಎಲ್‌ಎಲ್‌ಆರ್ ಇರುವ ಮಗಳು ಓಡಿಸುತ್ತಿದ್ದರೆ ಹಾಗೆಂದೇ ಬರೆಯಿರಿ

ದಾವಣಗೆರೆಯಲ್ಲಿ ವಾಹನಗಳಿಗೆ ಪಾಲಿಸಿ ಮಾಡಿಸುವುದು, ಕ್ಲೇಮು ಬಂದಾಗ ಗ್ರಾಹಕರ ಜೊತೆ ನಿಂತು ಕಾಗದಪತ್ರ ಸರಿಪಡಿಸುವುದು ನನ್ನ ಕೆಲಸ. ಮನೆಯಲ್ಲಿ ಒಂದು ಕಾರು ಇದ್ದೂ, ಮಗನೋ ಮಗಳೋ ಓಡಿಸುವುದನ್ನು ಕಲಿಯಲಿ ಎಂದು ಹಳೆಯ ಸಣ್ಣ ಕಾರೊಂದನ್ನು ಕೊಂಡವರು ವಿದ್ಯಾನಗರ, ಶಾಮನೂರು ರಸ್ತೆಯ ಕಡೆಯಿಂದ ಆಗಾಗ ನನ್ನ ಬಳಿ ಬರುತ್ತಾರೆ. ಅವರು ಮೊದಲು ಕೇಳುವುದು, "ಹುಡುಗಿಗೆ ಇನ್ನೂ ಎಲ್‌ಎಲ್‌ಆರ್ ಅಷ್ಟೇ ಇರೋದು ಸಾರ್, ಪಾಲಿಸಿಗೆ ಅವಳ ಹೆಸರು ಸೇರಿಸ್ಬೇಕಾ?" ಎಂದು. ಸೇರಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ವಿಮೆ ಇರುವುದು ಕಾರಿಗೆ. ಊರ್ಜಿತವಾದ ಲೈಸೆನ್ಸ್ ಇರುವ ಯಾರೇ ಓಡಿಸಿದರೂ ಅದು ಅನ್ವಯಿಸುತ್ತದೆ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಇರುವವರೂ ಓಡಿಸಬಹುದು, ಆದರೆ 1989 ರ ಕೇಂದ್ರ ಮೋಟಾರು ವಾಹನ ನಿಯಮಗಳ 3 ನೇ ನಿಯಮವನ್ನು ಪಾಲಿಸಿರಬೇಕು ಎಂದು ಪಾಲಿಸಿಯ ಚಾಲಕರ ಷರತ್ತಿನಲ್ಲಿಯೇ ಅಚ್ಚಾಗಿದೆ.

ಆ ನಿಯಮ ಕೇಳುವುದು ದೊಡ್ಡದೇನಲ್ಲ. ಎಲ್‌ಎಲ್‌ಆರ್ ಅವಧಿ ಮೀರಿರಬಾರದು. ಅದರ ಆಯುಷ್ಯ 6 ತಿಂಗಳು. ಲೈಸೆನ್ಸ್ ಇರುವವರೊಬ್ಬರು ಅಗತ್ಯ ಬಿದ್ದರೆ ಗಾಡಿಯನ್ನು ತಡೆದು ನಿಲ್ಲಿಸಬಲ್ಲಂತೆ ಪಕ್ಕದಲ್ಲಿ ಕುಳಿತಿರಬೇಕು. ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಮೇಲೆ ಕೆಂಪು ‘ಎಲ್’ ಇರಬೇಕು. ಹಿಂದಿನ ಸೀಟಿನಲ್ಲಿ ಕುಳಿತ ಅಪ್ಪ ಈ ನಿಯಮದ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಇದ್ದರೂ ಜನರಿಗೆ ಭಯ. ಒಂದು ಮನೆಯಲ್ಲಿ ಮಗಳು ಕಾರನ್ನು ಒಳಗೆ ತಿರುಗಿಸುವಾಗ ಗೇಟಿನ ಕಲ್ಲುಕಂಬಕ್ಕೆ ತಗುಲಿಸಿ, ಎಡಬದಿಯ ಬಂಪರ್ ಸೀಳಿ, ಹೆಡ್‌ಲೈಟಿನ ಗಾಜು ಒಡೆದಿತ್ತು. ಕ್ಲೇಮು ಅರ್ಜಿ ತುಂಬುವಾಗ "ಅಪಘಾತದ ಸಮಯದಲ್ಲಿ ವಾಹನ ಚಲಾಯಿಸುತ್ತಿದ್ದವರು" ಎಂಬಲ್ಲಿ ತಂದೆ ತಮ್ಮ ಹೆಸರನ್ನೇ ಬರೆಯಲು ಹೊರಟರು. "ಹುಡುಗಿ ಓಡಿಸ್ತಿದ್ಲು ಅಂತ ಬರೆದ್ರೆ ಕ್ಲೇಮು ಹೋಗುತ್ತಲ್ರೀ ಸಾರ್" ಎಂದರು. ಅವಳ ಎಲ್‌ಎಲ್‌ಆರ್ ಚಾಲ್ತಿಯಲ್ಲಿತ್ತು, ಇವರೇ ಪಕ್ಕದಲ್ಲಿದ್ದರು, ‘ಎಲ್’ ಸ್ಟಿಕ್ಕರ್ ಎರಡೂ ಕಡೆ ಹಾಗೇ ಇತ್ತು. ಚಾಲಕರ ಸೀಟು ಮಾತ್ರ ಸ್ಟೀರಿಂಗಿಗೆ ತಾಗುವಷ್ಟು ಮುಂದಕ್ಕೆ ಎಳೆದಿತ್ತು. ಆರಡಿ ಎತ್ತರದ ಅವರ ಮೊಣಕಾಲು ಅಲ್ಲಿ ಹಿಡಿಸುವಂತೆಯೇ ಇರಲಿಲ್ಲ. ಹಾನಿಯನ್ನು ಪರಿಶೀಲಿಸಲು ವಿಮಾ ಕಂಪನಿ ಕಳಿಸುವ ಸರ್ವೆಯರ್ ಕಣ್ಣಿಗೆ ಇಂಥವು ಬೀಳದೆ ಇರುವುದಿಲ್ಲ. ಸತ್ಯ ಬರೆದರೆ ಸಿಗಬೇಕಾದ ಹಣ ಸುಳ್ಳು ಬರೆದದ್ದಕ್ಕೇ ಕೈತಪ್ಪುತ್ತದೆ. ಮಗಳ ಹೆಸರನ್ನೇ ಬರೆಸಿ, ಅವಳ ಎಲ್‌ಎಲ್‌ಆರ್ ಮತ್ತು ತಂದೆಯ ಲೈಸೆನ್ಸ್ ಎರಡರ ಪ್ರತಿಗಳನ್ನೂ ಲಗತ್ತಿಸಿದೆ. 1500 ಸಿಸಿ ಮೀರದ ಕಾರಿಗೆ ಮಾಲೀಕರೇ ಭರಿಸಬೇಕಾದ 1000 ರೂಪಾಯಿ ಮತ್ತು ಪ್ಲಾಸ್ಟಿಕ್ ಭಾಗಗಳ ಮೇಲಿನ ಶೇಕಡಾ 50 ಸವಕಳಿಯನ್ನು ಕಳೆದು ಕ್ಲೇಮು ಮಂಜೂರಾಯಿತು. ಕಲಿಯುವವರ ಎಲ್‌ಎಲ್‌ಆರ್ ಕೂಡ ಲೈಸೆನ್ಸೇ, ಅದೊಂದೇ ಕಾರಣಕ್ಕೆ ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2004 ರಲ್ಲಿಯೇ ಹೇಳಿದೆ.

ನನಗೆ ನಿಜವಾಗಿ ಚಿಂತೆಯಾಗುವುದು ಬಂಪರಿನ ವಿಷಯದಲ್ಲಿ ಅಲ್ಲ, ಒಳಗೆ ಕುಳಿತವರ ವಿಷಯದಲ್ಲಿ. ಹಳೆಯ ಕಾರಿಗೆ ಫುಲ್ ಇನ್ಶೂರೆನ್ಸ್ ಯಾಕೆ ದಂಡ ಎಂದು ಹಲವರು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಹೊರಗಿನವರಿಗೆ ಆದ ಹಾನಿಯ ವಿಮೆ, ಮಾತ್ರ ಮಾಡಿಸುತ್ತಾರೆ. 2022 ರ ಜೂನ್ 1 ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿ ಮೀರದ ಖಾಸಗಿ ಕಾರಿಗೆ ಅದು ತೆರಿಗೆ ಬಿಟ್ಟು 2094 ರೂಪಾಯಿ. ಆದರೆ ಖಾಸಗಿ ಕಾರಿನಲ್ಲಿ ಸುಮ್ಮನೆ ಜೊತೆಗೆ ಬಂದವರಿಗೆ ಈ ಪಾಲಿಸಿಯಿಂದ ಪರಿಹಾರ ದೊರೆಯುವುದಿಲ್ಲ, ಫುಲ್ ಇನ್ಶೂರೆನ್ಸ್ ಇದ್ದರೆ ದೊರೆಯುತ್ತದೆ. ಕಲಿಯುವ ಕಾರಿನಲ್ಲಿ ಯಾರಾದರೊಬ್ಬರು ಪಕ್ಕದಲ್ಲಿ ಕೂರಲೇಬೇಕೆಂದು ಕಾನೂನೇ ಹೇಳುವಾಗ, ಆ ಸೀಟಿನಲ್ಲಿ ಕೂರುವ ತಾಯಿಯನ್ನು ವಿಮೆಯ ಹೊರಗಿಡುವುದು ಸರಿಯಲ್ಲ.

ಓಡಿಸುವ ಮಗಳ ಸ್ಥಿತಿ ಇನ್ನೂ ಸೂಕ್ಷ್ಮ. 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಉಳ್ಳ ಮಾಲೀಕರಿಗೆ. ಕಾರು ತಂದೆಯ ಹೆಸರಿನಲ್ಲಿದ್ದರೆ, ಪಕ್ಕದಲ್ಲಿ ಸಹಚಾಲಕರಾಗಿ ಕುಳಿತ ತಂದೆಗೆ ಅದು ಅನ್ವಯಿಸುತ್ತದೆ, ಸ್ಟೀರಿಂಗ್ ಹಿಡಿದ ಮಗಳಿಗೆ ಅನ್ವಯಿಸುವುದಿಲ್ಲ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಬೇರೆಯವರ ಬೈಕನ್ನು ಕೇಳಿ ಪಡೆದು ಹೋಗುವಾಗ ಸತ್ತವರೊಬ್ಬರ ಪ್ರಕರಣದಲ್ಲಿ, ವಾಹನವನ್ನು ಪಡೆದು ಓಡಿಸುವವರು ಮಾಲೀಕರ ಸ್ಥಾನದಲ್ಲಿಯೇ ನಿಲ್ಲುತ್ತಾರೆ, ಮೂರನೆಯವರಂತೆ ಪರಿಹಾರ ಕೇಳಲಾಗದು ಎಂದು 2009 ರಲ್ಲಿ ತೀರ್ಪು ಬಂದಿದೆ. ಆದ್ದರಿಂದ ಮಗಳ ಹೆಸರಿನಲ್ಲಿಯೇ ಒಂದು ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿರಿ ಎಂದು ನಾನು ಪ್ರತಿ ಮನೆಯವರಿಗೂ ಒತ್ತಿ ಹೇಳುತ್ತೇನೆ. ಮೊದಲ ಕಾರಿನ ಜೊತೆ ಮಾಲೀಕರ ಕಡ್ಡಾಯ ವಿಮೆ ಇದ್ದವರು ಎರಡನೆಯ ಕಾರಿಗೆ ಅದನ್ನು ಮತ್ತೆ ಕೊಳ್ಳಬೇಕಾಗಿಲ್ಲವಾದ್ದರಿಂದ, ಅಲ್ಲಿ ಉಳಿದ ಹಣವನ್ನು ಇದಕ್ಕೆ ಹಾಕಬಹುದು.

ಸೆಕೆಂಡ್ ಹ್ಯಾಂಡ್ ಕಾರಾದರೆ ಇನ್ನೊಂದು ತೊಡಕಿದೆ. ಆರ್‌ಸಿ ತಮ್ಮ ಹೆಸರಿಗೆ ಬಂದ ಮೇಲೆ ಎಲ್ಲವೂ ಮುಗಿಯಿತೆಂದು ಜನ ನಂಬುತ್ತಾರೆ, ಪಾಲಿಸಿ ಮಾತ್ರ ಹರಿಹರದ ಹಳೆಯ ಮಾಲೀಕರ ಹೆಸರಿನಲ್ಲಿಯೇ ಉಳಿದಿರುತ್ತದೆ. ಥರ್ಡ್ ಪಾರ್ಟಿ ಭಾಗ ಕಾನೂನಿನ ಬಲದಿಂದ ತಾನಾಗಿ ವರ್ಗವಾಗುತ್ತದೆ, ಸ್ವಂತ ಕಾರಿನ ಹಾನಿಯ ಭಾಗ ಹಾಗಲ್ಲ. ಕೊಂಡ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅವರದ್ದೇ, ಅದು ಕಾರಿನ ಜೊತೆ ಬರುವುದಿಲ್ಲ. ನಿಮ್ಮ ಮೊದಲ ಕಾರಿನ ಬೋನಸ್ಸನ್ನು ಎರಡನೆಯದಕ್ಕೂ ಕೇಳಲಾಗದು.

ಕಂತು ಕಡಿಮೆಯಾಗಲಿ ಎಂದು ನಷ್ಟದ ಮೊದಲ 5000 ಅಥವಾ 7500 ರೂಪಾಯಿಯನ್ನು ತಾವೇ ಭರಿಸುವ ಆಯ್ಕೆಯನ್ನು ಕಲಿಯುವ ಕಾರಿಗೆ ನಾನು ಸೂಚಿಸುವುದಿಲ್ಲ. ಸಣ್ಣಪುಟ್ಟ ತಾಗುವಿಕೆಗಳೇ ಹೆಚ್ಚಾಗುವ ಕಾಲದಲ್ಲಿ ಟಿಂಕರಿಂಗ್, ಪೇಂಟಿನ ಬಿಲ್ಲು ಬಹುಪಾಲು ಆ ಮಿತಿಯೊಳಗೇ ಬಂದು ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಮಗಳಿಗೆ ಪೂರ್ಣ ಲೈಸೆನ್ಸ್ ಬಂದ ಮೇಲೆ ಪಾಲಿಸಿಯಲ್ಲಿ ಏನನ್ನೂ ತಿದ್ದಿಸಬೇಕಾಗಿಲ್ಲ, ಲೈಸೆನ್ಸಿನ ಪ್ರತಿಯನ್ನು ಕಾರಿನ ಕಾಗದಗಳ ಜೊತೆ ಇಟ್ಟುಕೊಂಡರೆ ಸಾಕು. ನಷ್ಟದ ಮೊದಲ ಭಾಗವನ್ನು ತಾವೇ ಭರಿಸುವ ಆಯ್ಕೆಯ ಮಾತನ್ನು ಮುಂದಿನ ನವೀಕರಣದ ವೇಳೆಗೆ, ಅವಳ ಕೈ ಕುದುರಿದ ಮೇಲೆ ನೋಡಬಹುದು.