ರ‍್ಯಾಮ್ ಹಾಕಿದ್ರೆ ಗೇಮ್ ಓಡುತ್ತಾ?

"ಹಳೇ ಲ್ಯಾಪ್‌ಟಾಪ್ ಇದೆ, ರ‍್ಯಾಮ್, ಎಸ್‌ಎಸ್‌ಡಿ ಹಾಕಿದ್ರೆ ಗೇಮ್ ಓಡುತ್ತಾ?" ಅಂತ ಸಿಕ್ಕವರೆಲ್ಲ ನನ್ನ ಕೇಳ್ತಾರೆ. ಯಾವ ಲ್ಯಾಪ್‌ಟಾಪು, ಯಾವ ಗೇಮು, ಅದನ್ನ ಹೇಳಲ್ಲ. ಹೂಂ ಅಥವಾ ಉಹೂಂ, ಒಂದೇ ಮಾತಲ್ಲಿ ಉತ್ತರ ಬೇಕು. ಇನ್ನು ಮೇಲೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳಿಸೋದು.

ನನ್ನ ತಕರಾರು ಆ 'ಓಡುತ್ತಾ' ಅನ್ನೋದರ ಮೇಲೆ. ಲೆವೆಲ್ ತೆರೆಯೋಕೆ ಮೂರು ನಿಮಿಷ ಹಿಡಿದರೂ 'ಓಡಲ್ಲ', ನಡುನಡುವೆ ಗಕ್ಕನೆ ನಿಂತರೂ 'ಓಡಲ್ಲ', ಶುರುವಿಂದ ಕೊನೇತನಕ 18 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಬರೀ 18 ಚಿತ್ರ) ತೆವಳಿದರೂ 'ಓಡಲ್ಲ'. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಎಲ್ಲಕ್ಕೂ ರ‍್ಯಾಮ್!

ಮೊದಲನೆಯದಕ್ಕೆ ಮದ್ದು ಎಸ್‌ಎಸ್‌ಡಿ, ಅಂದರೆ ತಿರುಗೋ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಫೈಲ್ ಇಡೋ ಡಿಸ್ಕ್. 5400 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಟಾ (ಹಾರ್ಡ್ ಡಿಸ್ಕಿಗೂ ಇರೋ ಅದೇ ಕನೆಕ್ಷನ್) ಎಸ್‌ಎಸ್‌ಡಿ 500 ಮುಟ್ಟುತ್ತೆ. ಎರಡನೆಯದಕ್ಕೆ ಹೆಚ್ಚಿನ ಸಲ ರ‍್ಯಾಮ್, ಅಂದರೆ ಸದ್ಯ ನಡೀತಿರೋ ಕೆಲಸವನ್ನ ಕೈಗೆಟುಕೋ ಹಾಗೆ ಇಟ್ಟುಕೊಳ್ಳೋ ಮೆಮೊರಿ: 4 ಜಿಬಿ ತುಂಬಿದ ಮೇಲೆ ವಿಂಡೋಸ್ ಮಿಕ್ಕಿದ್ದನ್ನ ಡಿಸ್ಕಿಗೆ ತಳ್ಳುತ್ತೆ, ಅದನ್ನ ವಾಪಸ್ ಎಳೆಯುವಾಗಲೇ ಆಟ ನಿಲ್ಲೋದು. ಮೂರನೆಯದು ಗ್ರಾಫಿಕ್ಸ್ ಚಿಪ್ಪಿನ ಬಡತನ. 32 ಜಿಬಿ ತುರುಕಿದರೂ ತೀರಲ್ಲ.

ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇದ್ದರೆ ಮಾತ್ರ ಲೆಕ್ಕ ಬೇರೆ. ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತೆ. ಡಿಡಿಆರ್3-1600 (ರ‍್ಯಾಮಿನ ತಲೆಮಾರು ಮತ್ತು ವೇಗ) ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ 12.8 ಜಿಬಿ ಹರಿಯುತ್ತೆ, ಎರಡಿದ್ದರೆ 25.6. ಅದಕ್ಕೇ ಅಂಥ ಲ್ಯಾಪ್‌ಟಾಪಿಗೆ 8 ಜಿಬಿಯದ್ದು ಒಂದು ಹಾಕೋ ಬದಲು 4 ಜಿಬಿಯವು ಎರಡು ಹಾಕಿ.

ಕೊಳ್ಳೋ ಮುಂಚೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಲಾಟ್ ಎಷ್ಟು ನೋಡಿ. ಬೋರ್ಡಿಗೆ ಬೆಸೆದ ರ‍್ಯಾಮನ್ನೂ ಅದು ಕೆಲವೊಮ್ಮೆ ಸ್ಲಾಟ್ ಅಂತ ಎಣಿಸುತ್ತೆ, ಹಾಗಾಗಿ ಕೆಳಗಿನ ಕವರ್ ಬಿಚ್ಚಿ ಕಣ್ಣಾರೆ ನೋಡೋದು ವಾಸಿ. ಡಿಡಿಆರ್3, ಡಿಡಿಆರ್4ರ ಕಚ್ಚು (ಸ್ಟಿಕ್ಕಿನ ಅಂಚಲ್ಲಿ ಕೊರೆದ ಸಂದು) ಬೇರೆಬೇರೆ ಕಡೆ ಇರೋದರಿಂದ ಅದಲುಬದಲಾಗಿ ಕೂರಲ್ಲ. ಏಮಾರೋದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ: ಕಚ್ಚು ಒಂದೇ, ವೋಲ್ಟೇಜ್ ಮಾತ್ರ 1.5 ಮತ್ತು 1.35. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪಿಗೆ 'ಎಲ್' ಇರೋದೇ ಬೇಕು. ಎಂ.2, ಅಂದರೆ ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರೋ ಸ್ಲಾಟಿನದೂ ಇದೇ ಕಥೆ, ಕೆಲವು ಸಾಟಾ ಮಾತ್ರ ಒಪ್ಪುತ್ತವೆ, ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆಯ ಎಸ್‌ಎಸ್‌ಡಿ) ಕೂರಿಸಿದರೂ ಕಾಣಿಸಲ್ಲ.

ಹಾಕುವಾಗ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಬಿಡಿಸಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡೀರಿ. ಸ್ಟಿಕ್ಕನ್ನ ಓರೆಯಾಗಿ, ಚಿನ್ನದ ಬಣ್ಣದ ಅಂಚು ಹೆಚ್ಚುಕಡಿಮೆ ಮರೆಯಾಗೋ ತನಕ ಒಳಗೆ ನೂಕಿ, ಆಮೇಲೆ ಕೆಳಕ್ಕೆ ಅದುಮಿ. ಎರಡೂ ಕಡೆ ಕ್ಲಿಪ್ ಟಿಕ್ ಅನ್ನಬೇಕು. ಪರದೆ ಕಪ್ಪಾಗಿದ್ದರೆ ಲ್ಯಾಪ್‌ಟಾಪ್ ಸತ್ತಿತು ಅಂತ ಫೋನ್ ಮಾಡಬೇಡಿ. ಒಂದೆರಡು ನಿಮಿಷ ಕಾಯಿರಿ, ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ನೋಡಿ. ಹೆಚ್ಚಿನ ಸಲ ಸರಿಯಾಗಿ ಕೂತಿರಲ್ಲ, ಅಷ್ಟೇ.

"ಮೊದಲ ಹತ್ತು ನಿಮಿಷ ಚೆನ್ನಾಗಿದ್ದ ಗೇಮ್ ಆಮೇಲೆ ಯಾಕೆ ತೆವಳುತ್ತೆ?" ಅಂತ ಒಬ್ಬರಾದರೂ ಕೇಳಬಾರದೇ? ಅದು ಬಿಸಿಯ ಕೆಲಸ. ಹೀಟ್‌ಸಿಂಕಿನ ಸಂದಿಗಳಲ್ಲಿ ಧೂಳು ಕಟ್ಟಿ, ಥರ್ಮಲ್ ಪೇಸ್ಟ್ ಒಣಗಿ, ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಕವರ್ ಹೇಗೂ ಬಿಚ್ಚಿದ್ದೀರಿ, ಫ್ಯಾನ್ ತಿರುಗದ ಹಾಗೆ ಹಿಡಿದು ಧೂಳು ತೆಗೀರಿ, ಹೊಸ ಪೇಸ್ಟ್ ಹಚ್ಚಿ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ ನಂಬರ್ ಇರುತ್ತೆ: ಬಿಗಿಯೋದು 1ರಿಂದ, ಬಿಚ್ಚೋದು ಕೊನೆಯದರಿಂದ.