ಗ್ರಾಂಗೆ ಹತ್ತು ಗುಂಟೆ

2025 ಅಕ್ಟೋಬರ್ 12, ಭಾನುವಾರ
ತಿಪಟೂರು

ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಡೆದು ಕೊಬ್ಬರಿ ಬಿಡಿಸುತ್ತಿದ್ದ ದೊಡ್ಡಪ್ಪ ಬೆಳಿಗ್ಗೆ ಇದ್ದಕ್ಕಿದ್ದಂತೆ, "ಈ ಸಲದ ನೊಬೆಲ್ ನಿಮ್ಮ ಕಸುಬಿನೋರಿಗೇ ಬಂತಂತಲ್ಲಮ್ಮ, ಅವರು ಮಾಡಿದ್ದಾದರೂ ಏನು?" ಎಂದು ಕೇಳಿದರು. ಬುಧವಾರ ರಸಾಯನಶಾಸ್ತ್ರದ ನೊಬೆಲ್‌ಗೆ ಕಿಟಗಾವಾ, ರಾಬ್ಸನ್ ಮತ್ತು ಯಾಘಿ ಅವರ ಹೆಸರು ಪ್ರಕಟವಾದಾಗಿನಿಂದ ಈ ಪ್ರಶ್ನೆಗೆ ನಾನು ಹಲವರಿಗೆ ಉತ್ತರಿಸಿದ್ದೇನೆ. ಉತ್ತರವನ್ನು ತೋರಿಸಿ ಹೇಳಲು ಕೈಗೆ ತೆಂಗಿನ ಚಿಪ್ಪು ಸಿಕ್ಕಿದ್ದು ಇಂದೇ.

ಚಿಪ್ಪನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಮೇಲೆ ಉಗಿ ಹಾಯಿಸಿದರೆ, ಉಗಿಯು ಇಂಗಾಲವನ್ನು ಅಲ್ಲಲ್ಲಿ ಕೊರೆದು 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳನ್ನು ತೆರೆಯುತ್ತದೆ. ಅಂಥ ಒಂದು ಗ್ರಾಂ ಇದ್ದಿಲಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ. ಇಲ್ಲಿ ರಂಧ್ರದ ಅಳತೆ ಉಗಿಯ ಮರ್ಜಿಗೆ ಬಿಟ್ಟದ್ದು. ಆ ಮೂವರ ವಿದ್ಯೆಯಲ್ಲಾದರೋ ಲೋಹದ ಅಯಾನುಗಳು ಗಂಟುಗಳಾಗಿ, ಸಾವಯವ ಅಣುಗಳು ತೊಲೆಗಳಾಗಿ, ಬೇಕಾದ ಅಳತೆಯ ಕೋಣೆಗಳನ್ನು ಕಟ್ಟಿಕೊಳ್ಳುತ್ತವೆ. ಯಾಘಿ ತಂಡ 1999ರಲ್ಲಿ ಪ್ರಕಟಿಸಿದ ಎಂಒಎಫ್-5 ಎಂಬ ಇಂಥ ಲೋಹ-ಸಾವಯವ ಚೌಕಟ್ಟಿನಲ್ಲಿ ಗ್ರಾಂಗೆ ಮೂವತ್ತು ಗುಂಟೆಯ ಆಸುಪಾಸು ಸಿಗುತ್ತದೆ. ಗುಂಟೆಯ ಲೆಕ್ಕ ದೊಡ್ಡಪ್ಪನಿಗೆ ಹಿಡಿಸಿತು. "ಉಳೋಕಾಗಲ್ಲ, ಅಷ್ಟೇ" ಎಂದರು.

ಅವರು ಕೇಳದೆ ಬಿಟ್ಟದ್ದು ನನ್ನ ಕಥೆಯನ್ನು. ವೃತ್ತಿಯ ಮೊದಲ ಆರು ವರ್ಷ ನಾನು ಈ ಗುಂಟೆಗಳನ್ನು ಹಿಗ್ಗಿಸುವುದರಲ್ಲೇ ಕಳೆದೆ. ವಾಹನದ ತೊಟ್ಟಿಯಲ್ಲಿ 700 ಬಾರ್ ಒತ್ತಡದಲ್ಲಿ ತುಂಬುವ ಜಲಜನಕವನ್ನು ರಂಧ್ರಗಳಲ್ಲಿ ಸಲೀಸಾಗಿ ಕೂರಿಸಬಹುದೆಂಬ ಆಸೆ ಅದು. ಆದರೆ ಜಲಜನಕದ ಅಣು ಗೋಡೆಗೆ ಅಂಟುವುದು ತೀರ ಸಡಿಲವಾಗಿ. ದ್ರವ ಸಾರಜನಕದ ಮೈನಸ್ 196 ಡಿಗ್ರಿ ಚಳಿಯಲ್ಲಿ ನಿಂತದ್ದು ಕೋಣೆಯ ಬಿಸಿಗೆ ಬಂದೊಡನೆ ಬಹುಪಾಲು ಕೈಬಿಟ್ಟು ಹೋಗುತ್ತದೆ.

ಅದಕ್ಕಿಂತ ಹೆಚ್ಚು ಕಲಿಸಿದ್ದು ಒಂದು ಮಳೆಗಾಲ. ಎಂಒಎಫ್-5ರ ಸೀಸೆಯ ಮುಚ್ಚಳವನ್ನು ಶುಕ್ರವಾರ ಸರಿಯಾಗಿ ತಿರುಗಿಸದೆ ಊರಿಗೆ ಬಂದಿದ್ದೆ. ಸೋಮವಾರ ಅಳೆದಾಗ ಮೇಲ್ಮೈ ಹೆಸರಿಗಷ್ಟೇ ಉಳಿದಿತ್ತು, ಏಕೆಂದರೆ ಗಾಳಿಯ ತೇವವೇ ಸತು ಮತ್ತು ಆಮ್ಲಜನಕದ ನಡುವಿನ ಬಂಧಗಳನ್ನು ಕಡಿದುಹಾಕಿತ್ತು. ಇಂಥ ವಸ್ತುಗಳಿಂದ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಕಾರ್ಖಾನೆಯ ಹೊಗೆಯಲ್ಲಿ ತೇವ ಇದ್ದೇ ಇರುತ್ತದೆಂಬುದನ್ನು ನಾನು ಓದಿರಲಿಲ್ಲವೆಂದಲ್ಲ, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂದಿನಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಬಿಸಿ ತಗುಲಿದಾಗ ಬಿಟ್ಟು, ಮತ್ತೆ ಹಿಡಿಯಬಲ್ಲ, ನೀರಿಗೆ ಜಗ್ಗದ ಜಿರ್ಕೋನಿಯಂ ಚೌಕಟ್ಟುಗಳತ್ತ ಹೊರಳಿದೆ. ಅವುಗಳ ಗುಂಟೆ ಕಡಿಮೆ.

ಸಂಜೆ ಚಿಪ್ಪಿನ ವ್ಯಾಪಾರಿ ರಾಶಿಯನ್ನು ತೂಗಿ ಒಯ್ಯುವ ಮುನ್ನ ನಾನು ಹತ್ತು ಚಿಪ್ಪು ತೆಗೆದಿಟ್ಟುಕೊಂಡೆ. ನಾಳೆ ಪ್ರಯೋಗಾಲಯದಲ್ಲಿ ಇವುಗಳಿಂದ ಇದ್ದಿಲು ಮಾಡಿ, ಹೊಸ ಮಾದರಿಯ ಪಕ್ಕದಲ್ಲಿ ಹೋಲಿಕೆಗೆ ಅದನ್ನೂ ತೇವದ ಗಾಳಿಯಲ್ಲಿ ಇಟ್ಟು ನೋಡಬೇಕು.