ಲದ್ದಿ ಬಳಿದವರು

ಪಣಜಿ, 14 ಜುಲೈ 2024, ಭಾನುವಾರ

ಮಳೆ ಬಿಟ್ಟಿತ್ತು. ಮಾಂಡವಿ ದಂಡೆಯ ಆದಿಲ್‌ಶಾಹಿ ಅರಮನೆ ಮುಂದೆ ನಿಂತು ಮಾವನಿಗೆ ವಿವರಿಸುತ್ತಿದ್ದೆ: ಬಿಜಾಪುರದ ಸುಲ್ತಾನ ಯೂಸುಫ್ ಆದಿಲ್ ಶಾಹ ಕಟ್ಟಿಸಿದ್ದು, 1759ರಿಂದ 1918ರವರೆಗೆ ಪೋರ್ಚುಗೀಸ್ ಅಧಿಪತಿಗಳ ವಾಸ. ಅರಬ್ಬೀ ಕುದುರೆಗಳ ಮಾತು ಬಂದದ್ದೇ ತಡ, ಮಾವ ಬೆಳಗಾವಿ ಮಾತಲ್ಲಿ, "ಸಾವ್ಕಾರ ಮಾರಿದ, ರಾಜಾ ಕೊಂಡ, ಎಲ್ಲಾ ಖರೆ. ಲದ್ದಿ ಬಳದಾಂವ ಯಾರಪಾ?" ಅಂದರು.

ರಾತ್ರಿಯಾದರೂ ಅದೇ ಪ್ರಶ್ನೆ ಕೊರೆಯುತ್ತಿದೆ.

ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ 13ನೇ ಶತಮಾನದ ಕೊನೆಯ ಪಾಂಡ್ಯ ನಾಡಿನ ಬಗ್ಗೆ ಬರೆದದ್ದು ನೆನಪಾಯಿತು. ಹಡಗಿನಲ್ಲಿ ಕುದುರೆ ತರುವ, ಪರ್ಶಿಯನ್ ಕೊಲ್ಲಿಯ ಹಾರ್ಮುಜ್ ಬಂದರಿನ ಕಡೆಯ ವ್ಯಾಪಾರಿಗಳು ಕುದುರೆ ವೈದ್ಯರನ್ನು ಮಾತ್ರ ಬರಗೊಡುತ್ತಿರಲಿಲ್ಲವಂತೆ. ಸತ್ತಷ್ಟೂ ಮಾರಾಟ! ಇಲ್ಲಿಯವರು ಅನ್ನ, ಬೇಯಿಸಿದ ಮಾಂಸ ತಿನ್ನಿಸುತ್ತಿದ್ದರಂತೆ. ಅರ್ಧ ಬಂದರಿನ ಹರಟೆಯೇ ಇರಲಿ, ಅಪಾಯ ನಿಜ. ಕುದುರೆಗೆ ವಾಂತಿಯಾಗುವುದಿಲ್ಲ, ಹೊಟ್ಟೆಯೂ ಮೈಗೆ ಹೋಲಿಸಿದರೆ ಚಿಕ್ಕದು. ಜವೆಗೋಧಿ, ಒಣಹುಲ್ಲು ತಿಂದು ಬೆಳೆದದ್ದಕ್ಕೆ ಒಮ್ಮೆಲೇ ಮೇವು ಬದಲಿಸಿದರೆ ಹೊಟ್ಟೆ ಉಬ್ಬಿ, ನೋವಿಗೆ ಹೊರಳಾಡಿ ಸಾಯುತ್ತದೆ. ಹಳೆ ಮೇವಿನ ಜೊತೆ ಹೊಸದನ್ನು ಒಂದೆರಡು ವಾರ ಸ್ವಲ್ಪಸ್ವಲ್ಪವೇ ಬೆರೆಸಬೇಕು. ಹುರುಳಿಯಾದರೆ ನೆನೆಸಿ, ಬೇಯಿಸಿ, ಆರಿಸಿ. ಗೊರಸು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಆರೆಂಟು ವಾರಕ್ಕೊಮ್ಮೆ ಹೆರೆಯಬೇಕು. ಈ ಕರಾವಳಿ ಮಳೆಯಲ್ಲಿ ಲದ್ದಿ, ಉಚ್ಚೆ ಕಲಸಿದ ನೆಲದ ಮೇಲೆ ನಿಂತರೆ ಪಾದದಡಿಯ ಮೆತ್ತನೆ ಭಾಗ ಕೊಳೆತು ನಾರುತ್ತದೆ. ಮೊದಲ ಔಷಧ ಎಂದರೆ ಮಾವ ಕೇಳಿದ, ಲದ್ದಿ ಬಳಿದು ತೆಗೆಯುವ ಆ ಕೆಲಸವೇ.

ರಾಜರು ಮಾಡಿದ್ದೇನು? ವಿಜಯನಗರದ ರಾಜ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತದ್ದಕ್ಕೂ ಬಾಲ ತಂದು ತೋರಿಸಿದರೆ ಬದುಕಿದ್ದಕ್ಕೆ ಕೊಟ್ಟಷ್ಟೇ ಕೊಡುತ್ತಿದ್ದ ಎನ್ನುತ್ತಾನೆ ವಿಜಯನಗರದ ಚರಿತ್ರೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಹಾಗಿದ್ದ ಮೇಲೆ ಹಡಗಿನಲ್ಲಿ ರಾತ್ರಿಯಿಡೀ ಎದ್ದು ನೀರು ಕುಡಿಸುವವನನ್ನು ಯಾವ ಸಾವ್ಕಾರ ಕೇಳಿಯಾನು? 1547ರಲ್ಲಿ ಗೋವೆಯ ಕುದುರೆ ಬಿಜಾಪುರಕ್ಕೆ ಹೋಗಬಾರದು, ತನಗೇ ಬರಬೇಕೆಂದು ವಿಜಯನಗರ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡಿತು. ಹಂಪಿಯಲ್ಲಿ ಅರಮನೆ ಆವರಣದ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಪರದೇಶಿ ವೇಷದವರು ಕಾಣುತ್ತಾರೆ, ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಕುದುರೆಗಳ ಸಾಲೇ ಇದೆ. ಹೆಸರು ಮಾತ್ರ ಒಬ್ಬರದೂ ಇಲ್ಲ.

ಆನೆಯವರ ಪಾಡು ಇನ್ನೂ ಕಷ್ಟ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಶಿಯಾದ ರಾಯಭಾರಿ ಅಬ್ದುರ್ ರಜಾಕ್ ಬರೆದಂತೆ ಆನೆಗೆ ದಿನಕ್ಕೆರಡು ಸಲ ಕಿಚಡಿ: ಬೇಯಿಸಿ, ಉಪ್ಪು ಸಕ್ಕರೆ ಹಾಕಿ, ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುವುದು. ಯಾವುದಾದರೊಂದು ಮರೆತರೆ ಆನೆ ಮೈಮೇಲೆ ಬರುತ್ತದೆ. ಅಷ್ಟು ಸಾಲದೆಂದು ರಾಜನ ದಂಡನೆ ಬೇರೆ!

ಹೆಸರು ಉಳಿದವನೊಬ್ಬ ಇದ್ದಾನೆ, ದಿಲ್ಲಿಯ ಯಾಕೂತ್. ಹಬಸಿಯವನು, ಅಂದರೆ ಆಫ್ರಿಕಾದ ಅಬಿಸೀನಿಯಾದವನು. ದಿಲ್ಲಿಯ ಸುಲ್ತಾನಳಾಗಿದ್ದ ರಜಿಯಾ ಅವನನ್ನು ಲಾಯದ ಮುಖ್ಯಸ್ಥನನ್ನಾಗಿ ಮಾಡಿದಳು, ತುರ್ಕಿ ಅಮೀರರು ಸಹಿಸದೆ 1240ರಲ್ಲಿ ಕೊಂದರು. ಲಾಯದ ಒಡೆತನವೆಂದರೆ ಸುಲ್ತಾನಳ ಹತ್ತಿರ ಸದಾ ಇರುವ ಅವಕಾಶ, ಅದೂ ಹೊರಗಿನವನೊಬ್ಬನಿಗೆ...